ತಾನಾಗಿ ಹಾರಿದ ಕಿಡಿ

ಸಿದ್ದಲಿಂಗವ್ವ ಮೂರು ಬೆರಳು ಒದ್ದೆ ಮಾಡಿಕೊಂಡು, ವಿಭೂತಿ ಗಟ್ಟಿಗೆ ಉಜ್ಜಿ, ಮೇಜಿನ ಮೇಲಿದ್ದ ಎರಡೂ ಹಿತ್ತಾಳೆ ಗುಂಡುಗಳಿಗೆ ಭಕ್ತಿಯಿಂದ ಪಟ್ಟೆ ಎಳೆದಾಗ ರಾಮಚಂದ್ರ ಒಂದು ಹೆಜ್ಜೆ ಮುಂದೆ ಬಂದ. ಬೇಡ ಎನ್ನಲು ಬಾಯಿ ತೆರೆದ. ಪ್ರಿನ್ಸಿಪಾಲರು ಕಣ್ಣು ಬಿಟ್ಟರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆಕೆ ಸಿಂದಗಿಯ ಆ ಕಾಲೇಜಿನ ಚೇರಮನ್ ಬಸಂತರಾಯರ ತಾಯಿ. ಟ್ರ್ಯಾಕ್ಟರಾಗಲಿ, ಝೆರಾಕ್ಸ್ ಮಷಿನ್ನಾಗಲಿ, ಆಕೆಯ ಕೈಯಿಂದ ವಿಭೂತಿ ಬೀಳದೆ ಆ ಮನೆತನದಲ್ಲಿ ಯಾವ ಯಂತ್ರವೂ ಚಾಲೂ ಆದದ್ದಿಲ್ಲ. ಇವತ್ತು ಈ ಫಿಜಿಕ್ಸ್ ಮಾಸ್ತರನ ಯಂತ್ರದ ಪಾಳಿ.

ಆ ಗುಂಡುಗಳನ್ನು ರಾಮಚಂದ್ರ ಮೂರು ವರ್ಷದಿಂದ ದಿನಾ ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಇಟ್ಟಿದ್ದ. ಎರಡರ ನಡುವೆ ಅರ್ಧ ಬೆರಳಿನಗಲ ಸಂದು. ಇಪ್ಪತ್ತು ಸಾವಿರ ವೋಲ್ಟ್ ಕೊಟ್ಟರೂ ಆ ಸಂದಿನಲ್ಲಿ ಕಿಡಿ ಹಾರಬಾರದು. ಇನ್ನೇನು ಹಾರಿತು ಎನ್ನುವಲ್ಲಿ ತಡೆದು ನಿಂತಿರಬೇಕು. ಆಗ ಅವನು ಕೈಯಾರೆ ಕಟ್ಟಿದ ಲೇಸರ್ ಪೆಟ್ಟಿಗೆಯಿಂದ ಕಣ್ಣಿಗೆ ಕಾಣದ ಬೆಳಕಿನ ಒಂದು ಏಟು ಗುಂಡಿನ ಮೇಲೆ ಬೀಳಬೇಕು, ಆ ಕ್ಷಣಕ್ಕೇ ಕಿಡಿ ಹಾರಬೇಕು. ಕಿಡಿ ಹಾರಿಸುವುದು ಯಾರಿಗಾದರೂ ಬರುತ್ತದೆ. ಹೇಳಿದ ಹೊತ್ತಿಗೆ ಹಾರಿಸುವುದೇ ಅವನ ಪಿಎಚ್.ಡಿ. ಗುಂಡಿನ ಮೇಲೆ ಚಿಟಿಕೆ ಧೂಳು ಕೂತರೂ ಆಟ ಕೆಟ್ಟಂತೆಯೇ.

ಅದು ಎರಡು ಸಾವಿರದ ಒಂದನೆಯ ಇಸವಿ. ಪಕ್ಕದ ಇಂಡಿ ಊರಿನ ಕಾಲೇಜಿಗೆ ಕಂಪ್ಯೂಟರ್ ಬಂದಿತ್ತು, ಮುದ್ದೇಬಿಹಾಳಕ್ಕೂ ಬಂದಿತ್ತು. ಸಿಂದಗಿ ಸುಮ್ಮನೆ ಕೂಡುವುದುಂಟೇ? ಹತ್ತು ಕಂಪ್ಯೂಟರ್ ಇಡಲು ಪ್ರಿನ್ಸಿಪಾಲರ ಕಣ್ಣು ರಾಮಚಂದ್ರನ ಕೋಣೆಯ ಮೇಲೆಯೇ ಬಿದ್ದಿತ್ತು. ಚೇರಮನ್ನರು ಇವತ್ತು ನೋಡಿ ಮೆಚ್ಚಿದರೆ ಕೋಣೆ ಉಳಿಯಿತು, ಇನ್ನಾರು ತಿಂಗಳಿಗೆ ಪಿಎಚ್.ಡಿ. ಮುಗಿಯಿತು. ಮೆಚ್ಚದಿದ್ದರೆ ಮೂರು ವರ್ಷದ ದುಡಿಮೆ ಅಟ್ಟಕ್ಕೆ.

ರಾಮಚಂದ್ರ ದೇವರ ಮೇಲೆ ಭಾರ ಹಾಕಿ ಮೀಟರಿನ ಮುಳ್ಳು ಏರಿಸಿದ. ಹದಿನಾಲ್ಕು ಸಾವಿರ ದಾಟಿತೋ ಇಲ್ಲವೋ, ಚಟ್ ಎಂದು ಗುಂಡಿನಿಂದ ಗುಂಡಿಗೆ ನೀಲಿ ಕಿಡಿ ಹಾರಿಯೇಬಿಟ್ಟಿತು. ಲೇಸರಿನ ಬಟನ್ನಿನ ಮೇಲೆ ಅವನಿನ್ನೂ ಬೆರಳನ್ನೇ ಇಟ್ಟಿರಲಿಲ್ಲ.

“ಭಲೆ!” ಬಸಂತರಾಯರು ಚಪ್ಪಾಳೆ ತಟ್ಟಿದರು. ಅದನ್ನು ಕಂಡು ಪ್ರಿನ್ಸಿಪಾಲರು ಇನ್ನೂ ಜೋರಾಗಿ ತಟ್ಟಿದರು. “ನಮ್ಮವ್ವನ ಕೈಗುಣ ನೋಡ್ರಿ! ಪ್ರಿನ್ಸಿಪಾಲ್ರ, ಈ ಖೋಲಿ ಸರ್ ಕಡೇನ ಇರ್ಲಿ.”

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಮುಗಿದು ಚಹಾ ತರಿಸುತ್ತಿದ್ದರು. ರಾಮಚಂದ್ರನಿಗೆ ಆ ಚಪ್ಪಾಳೆ ಅರಗಲಿಲ್ಲ.

“ಸಾಹೇಬ್ರ, ಇದು ಕೆಟ್ಟೈತ್ರಿ. ಕಿಡಿ ತಾನಾ ಹಾರಿತು. ನಾ ಲೇಸರ್ ಬಿಟ್ಟೇ ಇಲ್ರಿ.”

“ಹಾರಿತಿಲ್ಲೋ? ಮತ್ತೇನ್ ಬೇಕ್ರಿ?”

“ಹಾರಬಾರದಾಗಿತ್ರಿ.”

ಬಸಂತರಾಯರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ರಾಮಚಂದ್ರನ ಮೊಣಕೈ ಹಿಂಡಿ, “ಸುಮ್ನಿರ್ರೀ, ಖೋಲಿ ಸಿಕ್ಕೈತಿ” ಎಂದು ಪಿಸುಗುಟ್ಟಿದರು. ಅವನ ಕಿವಿಗೆ ಅದು ಬಿದ್ದರೆ ತಾನೇ? ಕರಂಟು ತೆಗೆದ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎರಡೂ ಗುಂಡುಗಳ ಮೇಲಿನ ವಿಭೂತಿ ಪಟ್ಟೆಗಳನ್ನು ಕಿಂಚಿತ್ತೂ ಉಳಿಯದಂತೆ ಒರೆಸಿ ತೆಗೆದ. ಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಅದನ್ನವನು ಕುತೂಹಲ ಎಂದು ತಿಳಿದುಕೊಂಡ, ಪಾಪ.

ಈ ಸಲ ಮುಳ್ಳು ಇಪ್ಪತ್ತು ಸಾವಿರಕ್ಕೆ ಹೋಗಿ ನಿಂತಿತು. ಕಿಡಿ ಇಲ್ಲ. “ನೋಡ್ರಿ, ಹೆಂಗ ತಡದು ನಿಂತೈತಿ!” ಎಂದು ಬಟನ್ ಒತ್ತಿದ. ಚಟ್! ಮತ್ತೆ ಒತ್ತಿದ. ಚಟ್! ಹತ್ತು ಸಲ ಒತ್ತಿದ, ಹತ್ತು ಸಲವೂ ಕರೆದ ಕೂಡಲೇ ಬಂತು. ಈ ಮೂರು ವರ್ಷದಲ್ಲಿ ಹತ್ತಕ್ಕೆ ಹತ್ತು ಒಮ್ಮೆಯೂ ಬಂದಿರಲಿಲ್ಲ. ಸಂತೋಷಕ್ಕೆ ಅವನ ಕಣ್ಣು ತುಂಬಿಕೊಂಡವು. ಹಿಂತಿರುಗಿ ನೋಡಿದರೆ ಬಸಂತರಾಯರು ಹುಬ್ಬು ಗಂಟಿಕ್ಕಿ ನಿಂತಿದ್ದರು.

“ಹಡದವ್ವ ಹಚ್ಚಿದ ವಿಭೂತಿ ಒರಿಸಿ ತೋರಿಸೂವಂಥಾ ವಿದ್ಯಾ ಏನ್ರಿ ಇದು? ಪ್ರಿನ್ಸಿಪಾಲ್ರ, ಸೋಮವಾರ ಈ ಖೋಲಿ ಖಾಲಿ ಆಗಬೇಕು. ಇಲ್ಲೇ ಕಂಪ್ಯೂಟರ್ ಇಡೂಣು.”

ಅಷ್ಟು ಹೇಳಿ ಅವರು ಹೊರಟೇಬಿಟ್ಟರು. ಪ್ರಿನ್ಸಿಪಾಲರು ಬೆನ್ನಿಗೆ ಓಡಿದರು. ಮೊಣಕಾಲು ನೋವಿನ ಸಿದ್ದಲಿಂಗವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಸಪ್ಪೆ ಮೋರೆ ಮಾಡಿಕೊಂಡು ವೈರು ಸುತ್ತುತ್ತಿದ್ದ ರಾಮಚಂದ್ರನನ್ನು ಸ್ವಲ್ಪ ಹೊತ್ತು ನೋಡಿದಳು.

“ಯಾಕ ಒರಿಸಿದಿ, ತಮ್ಮಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ತಪ್ಪ ತಿಳಕೋಬ್ಯಾಡ್ರಿ, ಅವ್ವಾರ. ಗುಂಡಿನ ಮ್ಯಾಲ ವಿಭೂತಿ ಇತ್ತಂದ್ರ ಲೇಸರ್ ಬ್ಯಾಡ, ಏನೂ ಬ್ಯಾಡ, ಕಿಡಿ ತಾನಾ ಹಾರತೈತ್ರಿ. ಕರಂಟು ಕಡಿಮಿ ಕೊಟ್ರೂ ಹಾರತೈತಿ. ಇದು ನೂರಕ್ಕ ನೂರು ಖರೇ ಮಾತ್ರಿ, ಬೇಕಾದ್ರ ಬರದು ಸಹಿ ಮಾಡಿ ಕೊಡ್ತೇನಿ.”

ಮುದುಕಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕುವಂತೆ ನಕ್ಕಳು.

“ಅಯ್ಯ ನನ ಶಿವನ! ಇಷ್ಟ ಖರೇ ಮಾತು ನನ್ನ ಮಗನ ಮುಂದ ಅಂದಿದ್ರ, ಈ ಖೋಲಿ ಏನು, ಇದರ ಮ್ಯಾಲ ಇನ್ನೊಂದು ಮಾಳಿಗಿ ಕಟ್ಟಿಸಿ ಕೊಡತಿದ್ದನಲ್ಲೋ!”