ಅತ್ತೆಯ ಸ್ಪ್ರಿಂಗ್ ಸೀಟು

ತರೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕದ ಸೈಕಲ್ ಅಂಗಡಿಯಲ್ಲಿ ಬಿಸಿಲಿಗೆ ಕಾದ ಚರ್ಮದ ಸೀಟಿನ ವಾಸನೆ ಬಂದರೆ ಈಗಲೂ ನನ್ನ ಅತ್ತೆ ಎದುರು ಬಂದು ನಿಂತಂತಾಗುತ್ತದೆ.

ಅಪ್ಪನ ಅಕ್ಕ ಅವಳು, ಅಜ್ಜಂಪುರದಲ್ಲಿ ನರ್ಸಾಗಿದ್ದಳು. ಸುತ್ತಲ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಅವಳ ಸೀಟು ಅಗಲವಾದ ಚರ್ಮದ್ದು, ಕೆಳಗೆ ಎರಡು ದಪ್ಪ ಸ್ಪ್ರಿಂಗು. ಕೂತು ಕೂತು ಅದು ಹುಣಸೆಬೀಜದ ಹಾಗೆ ಮಿನುಗುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕಪ್ಪ ಆ ಸೀಟನ್ನು ಬಿಚ್ಚಿ ತನ್ನ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲಿಗೆ ಹಾಕಿಕೊಂಡು ಹೋದ. ಸ್ವಲ್ಪ ಹೊತ್ತಿಗೇ ಸೈಕಲ್ ತಳ್ಳಿಕೊಂಡು ಬಂದ.

"ತುಳಿದಷ್ಟೂ ಕುಣಿಯುತ್ತೆ ಕಣಕ್ಕಾ. ದರಿದ್ರ ಸೀಟು."

ಅತ್ತೆ ನಕ್ಕಳು. "ನೀನು ಹ್ಯಾಂಡಲ್ ಮೇಲೆ ಮಲಕ್ಕೊಂಡು ತುಳೀತೀಯ, ಮೈಭಾರವೆಲ್ಲ ಕೈಮೇಲೆ. ನಿಂಗೆ ಆ ಸಣ್ಣ ಗಟ್ಟಿ ಸೀಟೇ ಸರಿ ಕಣೋ. ಇದು ನೆಟ್ಟಗೆ ಕೂರೋರಿಗೆ."

ಅಷ್ಟರಲ್ಲಿ ಬುಕ್ಕಾಂಬುಧಿಯಿಂದ ಒಬ್ಬರು ಓಡಿಬಂದು, ಮಗಳಿಗೆ ನೋವು ಶುರುವಾಗಿದೆ ಅಂದರು. ಅತ್ತೆ ತಾನೇ ಸ್ಪ್ಯಾನರ್ ಹಿಡಿದು ಸೀಟನ್ನು ತನ್ನ ಸೈಕಲ್ಲಿಗೆ ಬಿಗಿದಳು. ಔಷಧಿ ಚೀಲ ನನ್ನ ಕೈಗೆ ಕೊಟ್ಟು ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು.

ಕೆರೆಯ ಏರಿ ತುಂಬ ಕಲ್ಲು. ಹಿಂದೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಮುಂದೆ ಸ್ಪ್ರಿಂಗು ಕಿರುಗುಡುತ್ತಿತ್ತು, ಅತ್ತೆಯ ಬೆನ್ನು ಮಾತ್ರ ಅಲುಗಲಿಲ್ಲ.

ಎದುರಿಗೆ ನಡುದಾರಿಯಲ್ಲೇ ಬರುತ್ತಿದ್ದ ಮುದುಕರೊಬ್ಬರು ಗದರಿದರು. "ಹೆಂಗ್ಸಾಗಿ ಹಿಂಗೆ ಸೆಟಕೊಂಡು ಹೋಗ್ತೀಯಲ್ಲಮ್ಮ, ಒಸಿ ತಗ್ಗಿ ಬಗ್ಗಿ ಹೋಗಬಾರದಾ?"

ಅತ್ತೆ ಬ್ರೇಕ್ ಹಿಡಿಯಲಿಲ್ಲ.

"ಬಗ್ಗಿದ್ರೆ ಈ ಸೀಟು ಸರಿಹೋಗಲ್ಲ ಕಣಜ್ಜ," ಅಂದು ಬೆಲ್ ಹೊಡೆದಳು.

ಅಜ್ಜ ಪಕ್ಕಕ್ಕೆ ಸರಿದರು.