ತೊಳೆದಿಟ್ಟ ಕಡಾಯಿ

ಗಂಗಾವತಿಯಿಂದ ತರಕಾರಿ ತಂದ ಸುರೇಖಾ ಹಿತ್ತಲ ಅಡುಗೆಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಗ್ಯಾಸಿನ ದೊಡ್ಡ ಭಟ್ಟಿಯ ಮೇಲಿದ್ದ ಅವಳ ಕಬ್ಬಿಣದ ಕಡಾಯಿ ಅಂಗಡಿಯಿಂದ ಈಗಷ್ಟೇ ಇಳಿಸಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ಹುಣಸೆಹಣ್ಣಿನ ಹಿಂಡಿದ ಸಿಪ್ಪೆ, ಇಟ್ಟಂಗಿ ಪುಡಿ, ಸವೆದ ತೆಂಗಿನ ನಾರು ಬಿದ್ದಿದ್ದವು.

"ನೀ ಹೋದಾಗಿಂದ ಇದನ್ನ ತಿಕ್ಕಾಕತ್ತೀನಿ ನೋಡು," ಅತ್ತೆ ಅನ್ನಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು. "ಎಂಥಾ ಜಿಗುಟು ಕಪ್ಪ ಹಿಡಿದಿತ್ತವ್ವಾ! ಅಂಗಳದಾಗ ಚಹಾ ಕುಡಿಯಾಕತ್ತಾನಲ್ಲ, ಆ ಬಂದಾಂವ ನೋಡಿದ್ರ ಈ ಮನಿ ಹೆಂಗಸ್ರಿಗೆ ಭಾಂಡೆ ತಿಕ್ಕಾಕ ಬರಂಗಿಲ್ಲೇನು ಅಂತಿದ್ದ."

ಆ ಕಪ್ಪು ಹಿಡಿಸಲು ಸುರೇಖಾಳಿಗೆ ಐದು ತಿಂಗಳು ಬೇಕಾಗಿತ್ತು. ವೆಲ್ಡಿಂಗ್ ಮಾಡುವ ಬಾಬಾಸಾಬನನ್ನು ಕರೆಸಿ ಭಟ್ಟಿಯ ಕಾಲುಗಳನ್ನು ನಾಲ್ಕು ಬೆರಳು ಕತ್ತರಿಸಿ ತನ್ನ ಸೊಂಟದ ಮಟ್ಟಕ್ಕೆ ಇಳಿಸಿಕೊಂಡಿದ್ದಳು. ಹೊಗೆ ಹೋಗಲೆಂದು ಗೋಡೆ ಒಡೆಸಿ ಕಿಟಕಿ ಇಡಿಸಿದ್ದಳು. ಆಮೇಲೆ ದಿನಾಲೂ ಕಡಾಯಿಯನ್ನು ನೀಲಿಯಾಗುವವರೆಗೆ ಕಾಯಿಸುವುದು, ಅರಿವೆಯಿಂದ ಎಣ್ಣೆ ಸವರುವುದು, ಮತ್ತೆ ಕಾಯಿಸುವುದು. ಮೇಲೆ ಹಾರಿಸಿದ ಅನ್ನ ಕಡಾಯಿಗೆ ಅಂಟದೆ ಜಾರತೊಡಗಿದ ದಿನ ಅವಳೊಬ್ಬಳೇ ನಕ್ಕಿದ್ದಳು. ಅಷ್ಟು ದಿನವೂ ಅನ್ನಮ್ಮ ಈ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಭಟ್ಟಿ ಭೋರೆಂದರೆ ಸಾಕು, ಕಿವಿ ಮುಚ್ಚಿಕೊಂಡು, "ಮನ್ಯಾಗ ವಿಮಾನ ಇಳಿಸ್ಯಾಳ ನನ್ನ ಸೊಸಿ," ಎನ್ನುತ್ತ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಹೊಸ್ತಿಲು ದಾಟಿದ್ದು ಇವತ್ತೇ.

ಬಾಯಿಗೆ ಬಂದ ಮಾತು ಅತ್ತೆಯ ಕೈ ಕಂಡು ನಿಂತಿತು. ಬೆರಳ ತುದಿಗಳು ಹುಳಿಗೆ ಬೆಳ್ಳಗಾಗಿ ಉಬ್ಬಿದ್ದವು. ಒಂದು ಉಗುರಿನ ಸಂದಿಯಲ್ಲಿ ರಕ್ತ ಕಟ್ಟಿತ್ತು.

"ಛಲೋ ಹೊಳಿಯಾಕತ್ತೈತ್ರಿ, ಅತ್ತಿ," ಎಂದಳು.

ಅಂಗಳದಲ್ಲಿ ಗೋವಿಂದರಾಜ ಚಹಾ ಮುಗಿಸಿ ಎದ್ದಿದ್ದ. ಹನುಮನಹಳ್ಳಿಯ ಹೋಂಸ್ಟೇ ಒಂದರಲ್ಲಿ ಅವನು ಅಡುಗೆಯವನು. ಅವನ ಕೈಕೆಳಗೆ ಎರಡು ವರ್ಷ ತರಕಾರಿ ಹೆಚ್ಚುತ್ತ, ಅವನ ಕೈಯನ್ನೇ ನೋಡುತ್ತ ಸುರೇಖಾ ಈ ಕೆಲಸ ಕಲಿತಿದ್ದಳು. ಇವತ್ತು ಅವಳ ಫ್ರೈಡ್ ರೈಸ್ ಮಾಲೀಕರ ನಾಲಿಗೆಗೆ ಒಪ್ಪಿದರೆ, ಪ್ರತಿ ಶನಿವಾರ, ಭಾನುವಾರ ಅಂಜನಾದ್ರಿಗೆ ಬಂದವರಿಗೆ ನಲವತ್ತು ಪ್ಲೇಟು ಈ ಹಿತ್ತಲಿನಿಂದಲೇ ಹೋಗಬೇಕು. ರುಚಿ ತೋರಿಸಲು ಒಯ್ಯುವ ಸ್ಟೀಲ್ ಡಬ್ಬಿ ಅವನ ಕೈಯಲ್ಲಿತ್ತು.

"ಲಗೂನ ಮಾಡವಾ. ಹನ್ನೆರಡಕ್ಕ ಮಂದಿ ಬರ್ತಾರ, ನಾ ಅಲ್ಲಿರಬೇಕು."

ಮತ್ತೆ ಕಪ್ಪು ಹಿಡಿಸಲು ಹೊತ್ತಿರಲಿಲ್ಲ. ಎರಡು ಸಲ ಎಣ್ಣೆ ಕಾಯಿಸಿ ಚೆಲ್ಲಿದಳು. ಭಟ್ಟಿ ಭೋರೆಂದಿತು. ಬೆಳ್ಳುಳ್ಳಿ ತಳಕ್ಕೆ ಕಚ್ಚಿ ಕರಕಲಾಯಿತು. ಅನ್ನ ಹಾಕಿ ಕಡಾಯಿ ಎಳೆದು ಹಾರಿಸಿದರೆ ಒಂದಗುಳೂ ಮೇಲೇಳಲಿಲ್ಲ. ಸೌಟಿನಿಂದ ಕೆರೆದಷ್ಟೂ ಅನ್ನ ಮುರಿದು ಮುದ್ದೆಯಾಯಿತು.

ಗೋವಿಂದರಾಜ ಬಗ್ಗಿ ನೋಡಿದ. "ಕಡಾಯಿ ಹೊಸಾದೇನು?"

"ಅಲ್ರಿ."

"ಮತ್ತ ಯಾರ ತಿಕ್ಕಿದ್ರು ಇದನ್ನ?"

ಬಾಗಿಲ ಬಳಿ ನಿಂತಿದ್ದ ಅನ್ನಮ್ಮನ ಕೈ ಅರ್ಧಕ್ಕೆ ಮೇಲೆದ್ದಿತು.

"ನಾನ ತಿಕ್ಕೀನ್ರಿ," ಎಂದಳು ಸುರೇಖಾ. "ತಿಳೀಲಿಲ್ಲ."

"ಎರಡು ವರ್ಷ ನನ್ನ ಹಂತೇಕ ಇದ್ದಾಕಿ ನೀನು! ತಿಳೀಲಿಲ್ಲಂತ!" ಒಂದು ಚಮಚ ಬಾಯಿಗೆ ಹಾಕಿಕೊಂಡವನು ಮೆಲ್ಲಗೆ ಚಮಚ ಕೆಳಗಿಟ್ಟ. "ಇದನ್ನ ಮಾಲಕರ ಮುಂದ ಇಡಾಕ ಬರಂಗಿಲ್ಲವಾ. ಆನೆಗುಂದಿಯಾಂವ ಒಬ್ಬ ನಾ ಮಾಡ್ತೀನಿ ಅಂತ ಗಂಟ ಬಿದ್ದಾನ. ಮುಂದಿನ ಐತವಾರ ತನಕ ಏನರ ನೆಪ ಹೇಳಿ ತಡೀತೀನಿ. ಅದರಾಚಿ ನನ್ನ ಕೈಯಾಗ ಇಲ್ಲ."

ಬೈಕಿಗೆ ಸಿಕ್ಕಿಸಿದ ಖಾಲಿ ಡಬ್ಬಿಯ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು.

"ಸುಳ್ಳ ಯಾಕ ಹೇಳಿದಿ?" ಅನ್ನಮ್ಮ ಕೇಳಿದರು.

ಸುರೇಖಾ ಕಡಾಯಿಗೆ ನೀರು ಸುರಿಯುತ್ತಿದ್ದಳು. "ತಿಕ್ಕಬ್ಯಾಡ್ರಿ ಅಂತ ಮೊದಲ ನಾ ಹೇಳಬೇಕಿತ್ತು. ನೀವು ಇದನ್ನ ಒಂದಿನ ಮುಟ್ಟತೀರಿ ಅಂತ ನನಗ ಅನಿಸಿದ್ದೇ ಇಲ್ರಿ, ಅತ್ತಿ."

ಅನ್ನಮ್ಮ ಒಳಗೆ ಬಂದು, ತಾಟಿನಲ್ಲಿ ತೆಗೆದಿಟ್ಟಿದ್ದ ಮುದ್ದೆಯಿಂದ ಒಂದು ತುತ್ತು ಮುರಿದು ತಿಂದರು. ಸೊಸೆಯ ಈ ಅಡುಗೆಯನ್ನು ಅವರು ಬಾಯಿಗಿಟ್ಟದ್ದು ಅದೇ ಮೊದಲು.

"ಉಪ್ಪು ಖಾರ ಬರೊಬ್ಬರಿ ಐತಿ," ಎಂದರು. "ಒಲಿ ಹಚ್ಚು. ಕಪ್ಪ ಹೆಂಗ ಮಾಡತಿದ್ದಿ, ತೋರಿಸು."

ಭಟ್ಟಿ ಭೋರೆಂದಾಗ ಕಿವಿ ಮುಚ್ಚಿಕೊಳ್ಳಲು ಅನ್ನಮ್ಮನ ಕೈಗೆ ಬಿಡುವಿರಲಿಲ್ಲ. ಎಣ್ಣೆಯ ಅರಿವೆ ಹಿಡಿದಿದ್ದರು. ಸುರೇಖಾ ಕಾಯಿಸಿದಳು, ಅವರು ಸವರಿದರು. ಮತ್ತೆ ಕಾಯಿಸಿದಳು, ಮತ್ತೆ ಸವರಿದರು. ಕಿಟಕಿಯಿಂದ ಹೊರಹೋಗಲಾರದಷ್ಟು ಹೊಗೆಯಲ್ಲಿ ಇಬ್ಬರ ಕಣ್ಣಲ್ಲೂ ನೀರಿಳಿಯುತ್ತಿತ್ತು. ಯಾರೂ ಒರೆಸಿಕೊಳ್ಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಡಾಯಿಗೆ ತೆಳು ಚಹಾದ ಬಣ್ಣವಷ್ಟೇ ಬಂದಿತ್ತು. ಹೊಲದಿಂದ ಬಂದ ಸುರೇಖಾಳ ಗಂಡ ಬಸವಕುಮಾರ ಊಟಕ್ಕೆ ಕುಳಿತು ತಾಯಿಯ ಕೈ ನೋಡಿದ. ಹತ್ತೂ ಬೆರಳು ಮಸಿಯಾಗಿದ್ದವು.

"ಏನ ಕೈ ಇವು, ಯವ್ವಾ? ತೊಳಕೊಂಡ ಬಾ ಹೋಗು."

ಅನ್ನಮ್ಮ ಸೊಸೆಯತ್ತ ನೋಡಲಿಲ್ಲ. ತಾಟು ಹತ್ತಿರಕ್ಕೆ ಎಳೆದುಕೊಂಡರು.

"ಇವತ್ತ ತೊಳದದ್ದು ಸಾಕಾತಪ್ಪಾ," ಎಂದರು.