ಕಸದ ಬುಟ್ಟಿಗೆ ಬಿದ್ದ ಬೇವಿನ ಸೊಪ್ಪು

ದಾವಣಗೆರೆಯ ಒಂದು ಬಾಡಿಗೆ ಕಟ್ಟಡ. ಕೆಳಗಿನ ಮನೆಯಲ್ಲಿ ತಿಪ್ಪೇಶ್ ಅಂತ ಒಬ್ಬ ಕೆಮಿಸ್ಟ್ರಿ ಲೆಕ್ಚರರ್ ಇದ್ದರು.

ಪಾಠ ಮಾಡಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು...

ಗ್ರಹಣದ ದಿನ ಊಟ ಬಿಟ್ಟವರನ್ನು ಕಂಡರೆ ನಗು. ಗಾಡಿಗೆ ನಿಂಬೆಹಣ್ಣು ಕಟ್ಟಿದವರನ್ನು ಕಂಡರೆ ನಗು. ತಮಗೆ ಗೊತ್ತಿರುವುದು ಪಕ್ಕದವರಿಗೆ ಗೊತ್ತಿಲ್ಲ ಅನ್ನುವುದೇ ಅವರಿಗೆ ದಿನದ ಟಾನಿಕ್.

ಒಂದು ದಿನ ಅವರ ಆರು ವರ್ಷದ ಮಗಳು ಚಿನ್ಮಯಿಗೆ ಜ್ವರ ಬಂತು. ಮರುದಿನ ಹೊಟ್ಟೆ, ಬೆನ್ನಿನ ತುಂಬ ನೀರುಗುಳ್ಳೆ.

ಡಾಕ್ಟರ್ ನೋಡಿ ಚಿಕನ್ ಪಾಕ್ಸ್ ಅಂದರು. ಔಷಧಿ ಬರೆದುಕೊಟ್ಟರು. ಉಗುರು ಕತ್ತರಿಸಿ, ಕೆರೆದುಕೊಳ್ಳಲು ಬಿಡಬೇಡಿ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಹೊರಗಿನವರನ್ನು ಹತ್ತಿರ ಸೇರಿಸಬೇಡಿ ಅಂದರು.

ಆ ಕೊನೆಯ ಮಾತು ತಿಪ್ಪೇಶ್ ಕಿವಿಗೆ ಬಿತ್ತು... ತಲೆಗೆ ಹೋಗಲಿಲ್ಲ.

ಹೆಂಡತಿಗೆ ರಜೆ ಸಿಗಲಿಲ್ಲ. ಮಗುವನ್ನು ನೋಡಿಕೊಳ್ಳಲು ಜಗಳೂರಿನಿಂದ ತಾಯಿ ಹಾಲಮ್ಮ ಬಂದರು.

ಬಂದವರೇ ಮೊದಲು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಹೊತ್ತಿಗೆ ಸರಿಯಾಗಿ ಡಾಕ್ಟರ್ ಕೊಟ್ಟ ಔಷಧಿ ಹಾಕಿದರು. ಮೊಮ್ಮಗಳಿಗೆ ಹಳೆಯ ಹತ್ತಿ ಸೀರೆ ಹಾಸಿದರು. ಒಗ್ಗರಣೆ ನಿಲ್ಲಿಸಿದರು. ಮೈಮೇಲೆ ಅಮ್ಮ ಎದ್ದಿದ್ದಾಳೆ, ಗುಳ್ಳೆ ಒಣಗಿ ಮೈಗೆ ನೀರು ಹಾಕುವವರೆಗೆ ಈ ಮನೆಯಿಂದ ಯಾರಿಗೂ ಏನೂ ಕೊಡುವುದಿಲ್ಲ, ಯಾರಿಂದಲೂ ಏನೂ ತರುವುದಿಲ್ಲ ಅಂದರು.

ತಿಪ್ಪೇಶ್ ನಕ್ಕರು.

ಬೇವಿನ ಸೊಪ್ಪನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. ಅದರ ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದರು... "ವೈರಸ್‌ಗೆ ಕಣ್ಣಿಲ್ಲ, ತೋರಣ ಯಾರಿಗೆ?"

ಎಂಬತ್ತು ಜನ ನೋಡಿದರು. ಹತ್ತಾರು ಮಂದಿ ನಗುವ ಮುಖ ಕಳಿಸಿದರು. ಹಾಲಮ್ಮನಿಗೆ ಸ್ಟೇಟಸ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಅವರು ಮಗುವಿನ ಬೆನ್ನಿಗೆ ಗಾಳಿ ಬೀಸುತ್ತಾ ಕೂತಿದ್ದರು.

ಬುಧವಾರ ಸಂಜೆ ಮೇಲಿನ ಮನೆಯ ಪ್ರಮೀಳಾ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು. ಹಾಲಮ್ಮ ಹಿತ್ತಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದರು.

ತೆರೆದ ಬಾಗಿಲಿನಿಂದ ಮಗುವಿನ ಮುಖದ ಗುಳ್ಳೆ ಕಂಡಿದ್ದೇ ಪ್ರಮೀಳಾ ಹೊಸ್ತಿಲಲ್ಲೇ ನಿಂತಳು. ಆಮೇಲೆ ಬರ್ತೀನಿ ಅಂತ ತಿರುಗಿದಳು.

ತಿಪ್ಪೇಶ್ ಬಿಡಲಿಲ್ಲ. "ಏನ್ ಪ್ರಮೀಳಾ ಅವರೇ... ಬಿ.ಎಸ್ಸಿ. ಮಾಡಿದ ನೀವೂ ಅಮ್ಮನಿಗೆ ಹೆದರ್ತೀರಾ? ಇದು ಮಕ್ಕಳ ಕಾಯಿಲೆ, ದೊಡ್ಡವರಿಗೆ ಏನೂ ಆಗಲ್ಲ."

ಅವಳ ಮುಖ ಕೆಂಪಾಯಿತು. ಒಳಗೆ ಬಂದಳು. ಚಿನ್ಮಯಿ ಬಿಡದೆ ಕರೆದಾಗ ಪಕ್ಕದಲ್ಲಿ ಕೂತು ಅರ್ಧ ಗಂಟೆ ಕಥೆಯನ್ನೂ ಹೇಳಿದಳು.

ಶುಕ್ರವಾರ ಅವಳ ಗಂಡ ಬಸವಲಿಂಗ ಬಂದ. ಒಳಗೆ ಬರಲಿಲ್ಲ... ಮೆಟ್ಟಿಲ ಮೇಲೆಯೇ ನಿಂತ.

ಮಗುವಿಗೆ ಗುಳ್ಳೆ ಎದ್ದಿದ್ದು ಯಾವತ್ತು ಅಂತ ಕೇಳಿದ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದಾರಂತೆ.

"ನಮ್ಮವಳಿಗೆ ಈಗ ಎರಡೂವರೆ ತಿಂಗಳು ಸರ್. ಮೂರು ತುಂಬುವವರೆಗೆ ಯಾರಿಗೂ ಹೇಳೋದು ಬೇಡ ಅಂತಿದ್ವಿ. ಹಿಂದೆ ಎರಡು ಸಲ ನಿಂತಿರಲಿಲ್ಲ..."

ತಿಪ್ಪೇಶ್ ಗುಳ್ಳೆ ಎದ್ದ ದಿನವನ್ನು ಹೇಳಿದರು.

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬರದೇ ಇದ್ದರೆ ತಾಯಿಗೂ ಅಪಾಯ, ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ ಅಂದಿದ್ದರಂತೆ ಡಾಕ್ಟರ್. ಬಂದಿತ್ತೋ ಇಲ್ಲವೋ ಪ್ರಮೀಳಾಗೆ ನೆನಪಿಲ್ಲ. ಹೇಳಬೇಕಾದ ತಾಯಿ ತೀರಿಕೊಂಡಿದ್ದಾರೆ. ರಕ್ತ ಪರೀಕ್ಷೆಗೆ ಕೊಟ್ಟಿದ್ದಾರೆ... ರಿಪೋರ್ಟ್ ನಾಳೆ.

ಇಷ್ಟು ಹೇಳಿ ಬಸವಲಿಂಗ ಹೋದ. ಒಂದು ಬೈಗುಳವನ್ನಾದರೂ ಬೈದಿದ್ದರೆ ತಿಪ್ಪೇಶ್‌ಗೆ ಹಗುರಾಗುತ್ತಿತ್ತು.

"ಗೊತ್ತಿದ್ದರೆ ನಾನೇ ಬೇಡ ಅಂತಿದ್ದೆ ಅವ್ವ," ಅಂದರು ತಾಯಿಗೆ.

ಹಾಲಮ್ಮ ಮಗುವಿನ ಉಗುರು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬಂದವರ ಹೊಟ್ಟೇಲಿ ಏನೈತಿ ಅಂತ ಕೇಳಿ ಬಾಗಿಲು ತೆಗೀತೀಯೇನಪ್ಪ? ಅದಕ್ಕೇ ಸೊಪ್ಪು ಕಟ್ಟೋದು. ನೋಡಿದವರು ಬಾಯಿ ಬಿಡದೇ ಹಂಗೇ ತಿರುಗಿ ಹೋಗಲಿ ಅಂತ."

ಬೇವು ವೈರಸ್ ಕೊಲ್ಲುತ್ತದೆ ಅಂತ ಆ ಮುದುಕಿ ಒಂದು ದಿನವೂ ಹೇಳಿರಲಿಲ್ಲ. ತಿಪ್ಪೇಶ್ ನಕ್ಕಿದ್ದು ಆಕೆ ಹೇಳದ ಮಾತಿಗೆ. ಏನು, ಯಾಕೆ ಅಂತ ಒಂದು ಪ್ರಶ್ನೆಯನ್ನೂ ಕೇಳದೆ ತೀರ್ಮಾನಕ್ಕೆ ಬಂದಿದ್ದರು... ವಿಜ್ಞಾನದ ಮೇಷ್ಟ್ರು!

ಸ್ವಲ್ಪ ಹೊತ್ತು ಬಿಟ್ಟು ಹಾಲಮ್ಮ ಇನ್ನೊಂದು ಮಾತು ಹೇಳಿದರು. ಹೋದ ವರ್ಷ ಬಂದಾಗ ಪ್ರಮೀಳಾಗೆ ತಲೆ ಬಾಚಿದ್ದರಂತೆ. ಹಣೆಯ ಕೂದಲಂಚಿನಲ್ಲಿ ಗುಂಡಗೆ ಎರಡು ಹಳೆಯ ಗುಳಿ ಇದ್ದವಂತೆ. "ಅಮ್ಮ ಬಂದು ಹೋದ ಗುರುತು ಇದ್ದಂಗಿತ್ತು. ಡಾಕ್ಟರಿಗೆ ಹೇಳೋಕೆ ಹೇಳು."

ತಿಪ್ಪೇಶ್ ಫೋನ್ ಮಾಡಿ ಹೇಳಿದರು. ಕಲೆ ನೋಡಿ ನಂಬುವಂತಿಲ್ಲ, ರಿಪೋರ್ಟ್ ಬರಲಿ ಅಂದರಂತೆ ಡಾಕ್ಟರ್. ಅದೂ ಸರಿಯೇ... ಆದರೆ ಮರುದಿನದವರೆಗೆ ಆ ಲೆಕ್ಚರರ್ ಹಿಡಿದುಕೊಂಡು ಕೂತಿದ್ದು ಹೆಬ್ಬೆಟ್ಟು ಒತ್ತುವ ತಾಯಿ ಕಂಡಿದ್ದ ಆ ಎರಡು ಗುಳಿಗಳನ್ನೇ.

ಶನಿವಾರ ಮಧ್ಯಾಹ್ನ ರಿಪೋರ್ಟ್ ಬಂತು. ಪ್ರಮೀಳಾಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಅವಳ ರಕ್ತದಲ್ಲಿ ರಕ್ಷಣೆ ಇತ್ತು. ಭಯವಿಲ್ಲ ಅಂದರು ಡಾಕ್ಟರ್.

ತಿಪ್ಪೇಶ್ ಆ ಸಂಜೆ ತಾವೇ ಹೋಗಿ ಬೇವಿನ ಸೊಪ್ಪು ಮುರಿದುಕೊಂಡು ಬಂದು ಬಾಗಿಲಿಗೆ ಕಟ್ಟಿದರು. ಜೊತೆಗೆ ಒಂದು ಕಾಗದವನ್ನೂ ಅಂಟಿಸಿದರು... "ಮಗುವಿಗೆ ಚಿಕನ್ ಪಾಕ್ಸ್ ಇದೆ. ದಯವಿಟ್ಟು ಒಳಗೆ ಬರಬೇಡಿ."

ಆಮೇಲೆ ಮೆಟ್ಟಿಲ ಕೆಳಗೆ ನಿಂತು ಪ್ರಮೀಳಾಳನ್ನು ಕರೆದರು. ಅವಳು ಮೇಲಿನ ಕಂಬಿ ಹಿಡಿದು ನಿಂತಳು.

ಕ್ಷಮೆ ಕೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದಿದ್ದು ಒಂದೇ ಪ್ರಶ್ನೆ... "ಅವತ್ತು ಅಷ್ಟು ಹೆದರಿಕೆ ಇತ್ತಲ್ಲಮ್ಮ, ಮತ್ತೆ ಯಾಕೆ ಒಳಗೆ ಬಂದ್ರಿ?"

ಪ್ರಮೀಳಾ ಕಂಬಿಯಿಂದ ಸ್ವಲ್ಪ ಬಾಗಿ ಹೇಳಿದಳು.

"ಕಾಯಿಲೆಗಿಂತ ನಿಮ್ಮ ನಗುವಿಗೆ ಜಾಸ್ತಿ ಹೆದರಿಕೆ ಆಯ್ತು ಸರ್..."

ತಿಪ್ಪೇಶ್ ಆ ಮೆಟ್ಟಿಲ ಮೇಲೆಯೇ ಕೂತು ಅತ್ತರು. ಒಳಗಿನಿಂದ ಹಾಲಮ್ಮ ಪ್ರಮೀಳಾಗೆ ಕೇಳುವಂತೆ ಕೂಗಿ ಹೇಳಿದರು... ಮಗುವಿಗೆ ನೀರು ಹಾಕಿದ ಮೇಲೆ ಹೆಪ್ಪು ಕೊಡ್ತೀನಿ, ಅಲ್ಲಿವರೆಗೆ ಬಟ್ಟಲು ನಿನ್ನ ಮನೇಲೇ ಇರಲಿ.

ಇನ್ನೊಬ್ಬರ ಬಾಯಿ ಮುಚ್ಚಿಸುವ ತಿಳಿವಳಿಕೆಗಿಂತ, ಬಾಗಿಲಲ್ಲಿ ಬಾಯಿಲ್ಲದೆ ತೂಗುವ ಸೊಪ್ಪೇ ಮೇಲು.

ನಿಮ್ಮ ನಗುವಿಗೆ ಹೆದರಿ ನಿಮ್ಮ ಹೊಸ್ತಿಲಲ್ಲಿ ಮಾತು ನುಂಗಿಕೊಂಡವರು ಯಾರಾದರೂ ಇದ್ದಾರಾ...?